'ನೀ' ಎಂದು ಬರೆದ ವೈರು

ಆ ಭಾನುವಾರ ಐತಪ್ಪ ಚಾ ಕುಡಿದವನೇ ಅಡುಗೆಮನೆಯ ಗೋಡೆ ಕೊರೆಯಲು ಕುಳಿತ. ಅದು ಅವನ ಕೊನೆಯ ಭಾನುವಾರ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಸುಗಂಧಿ ಅಷ್ಟು ಬೈಯುತ್ತಿರಲಿಲ್ಲ.

"ಹೋಯ್, ನನ್ನ ಮಸಾಲೆ ಡಬ್ಬಿಗೆಲ್ಲ ಸಿಮೆಂಟ್ ಧೂಳು. ಇವತ್ತು ಮೀನು ಸಾರಿಗೆ ಸಿಮೆಂಟೇ ಹಾಕುವುದಾ?"

"ಹಾಕು. ಸಾರು ಗಟ್ಟಿ ಆಗ್ತದೆ."

"ನಿಮ್ಮ ಹಲ್ಲು ಗಟ್ಟಿ ಉಂಟಾ ನೋಡಿ ಮೊದಲು."

ಐತಪ್ಪ ನಕ್ಕ. ಅವನಿಗೆ ಬೈಗುಳ ತಾಗುತ್ತಿರಲಿಲ್ಲ. ಕೈಯಲ್ಲಿ ಕೆಲಸ ಇದ್ದರೆ ಅವನಿಗೆ ಮಳೆಯೂ ತಾಗುತ್ತಿರಲಿಲ್ಲ.

ಅವನು ಪುತ್ತೂರು ಕಡೆಯವನು. ಐಟಿಐ ಮಾಡಿ ಮಣಿಪಾಲದಲ್ಲಿ ಕರೆಂಟಿನ ಕೆಲಸಕ್ಕಿದ್ದ. ಅಲ್ಲಿಯ ಡಾಕ್ಟರೊಬ್ಬರು ಮಲಾಯ್ ದೇಶದ ಮೆಲಾಕಾದ ಕಾಲೇಜಿಗೆ ಬಂದಾಗ, ಅಲ್ಲಿ ಏಸಿ ನೋಡಿಕೊಳ್ಳಲು ಜನ ಬೇಕು ಎಂದು ಇವನನ್ನೂ ಕರೆಸಿಕೊಂಡರು. ಡಾಕ್ಟರು ಆಮೇಲೆ ಊರಿಗೆ ಹೋದರು. ಇವನು ಉಳಿದ. ಸುಗಂಧಿ ಕುಂದಾಪುರದ ಹತ್ತಿರದವಳು, ನಾಲ್ಕನೇ ಕ್ಲಾಸು ಓದಿದವಳು. ಅವನ ಮನೆಮಾತು ತುಳು, ಅವಳದು ಕನ್ನಡ. ಮದುವೆಯಾದ ಮೇಲೆ ಇಬ್ಬರೂ ಕನ್ನಡಕ್ಕೆ ಬಂದರು. ಮಗಳು ಶ್ರೀಯಾ ಮೆಲಾಕಾದಲ್ಲೇ ಹುಟ್ಟಿದಳು. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಈಗ ಅವಳು ಇಲ್ಲಿಯೇ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದಾಳೆ.

ಐತಪ್ಪ ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದಿಲ್ಲ. ಅವನ ಅಪ್ಪನೂ ಅಮ್ಮನನ್ನು ಹಾಗೆ ಕರೆದದ್ದಿಲ್ಲವಂತೆ. ಸುಗಂಧಿಗೆ ಅವನ ಬಾಯಲ್ಲಿದ್ದ ಹೆಸರು 'ನೀ'. ನೀ ಬಾ ಇಲ್ಲಿ. ನೀ ಎಲ್ಲಿದ್ದಿ? ಫೋನು ಮಾಡಿದರೂ ಮೊದಲ ಮಾತು, "ಹಲೋ, ನೀಯಾ?"

"ಅಲ್ಲ, ಪಕ್ಕದ ಮನೆಯವಳು," ಎನ್ನುತ್ತಿದ್ದಳು ಸುಗಂಧಿ.

"ಹಾಗಾದ್ರೆ ಒಳ್ಳೇದೇ ಆಯ್ತು. ಮಾತಾಡುವ."

ಗೋಡೆ ಕೊರೆಯುವ ಈ ಕೆಲಸ ಶುರುವಾದದ್ದು ಸುಗಂಧಿಯ ಕೈಯಿಂದ. ಅವಳಿಗೆ ಸಂಧಿವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚುವುದಿಲ್ಲ. ಬಿಸಿನೀರಿನಲ್ಲಿ ಕೈ ಇಟ್ಟು ಕುಳಿತುಕೊಂಡರೆ ಮೆಲ್ಲನೆ ಬಿಡುತ್ತದೆ. ಅದಕ್ಕೆ ದಿನಾ ಗ್ಯಾಸಿನ ಮೇಲೆ ದೊಡ್ಡ ಪಾತ್ರೆ ಇಡಬೇಕು, ಕಾದ ಮೇಲೆ ಅದೇ ಮಡಚದ ಕೈಯಲ್ಲಿ ಅದನ್ನು ಇಳಿಸಬೇಕು. ಒಂದು ದಿನ ಪಾತ್ರೆ ಜಾರಿತು. ಕಾಲಿಗೆ ಬೀಳಲಿಲ್ಲ, ನೆಲಕ್ಕೆ ಬಿತ್ತು. ಐತಪ್ಪ ಚಪ್ಪಲಿ ಹಾಕುತ್ತಿದ್ದವನು ನಿಂತು ನೋಡಿದ. ಕೆಲಸಕ್ಕೆ ಹೋದ.

ಆಮೇಲೆ ಒಂದು ಸಂಜೆ ಅವನೂ ಅಜ್ಮಾನೂ ಲಾರಿಯಲ್ಲಿ ಒಂದು ಮೆಷಿನ್ನು, ಒಂದು ದಪ್ಪ ಟ್ಯಾಂಕು ತಂದು ಹಿತ್ತಿಲಲ್ಲಿ ಇಳಿಸಿದರು. ಅಜ್ಮಾನ್ ಮಲಾಯ್ ಮನುಷ್ಯ, ಕಾಲೇಜಿನಲ್ಲಿ ಪೈಪಿನ ಕೆಲಸದವನು, ಐತಪ್ಪನ ಜೊತೆಗಾರ. ಊರೊಳಗೆ ಒಂದು ಗೆಸ್ಟ್‌ಹೌಸು ಮುಚ್ಚಿತ್ತು. ಅಲ್ಲಿ ಬಿಟ್ಟುಹೋದ ಮೆಷಿನ್ನು ಅದು. ಹೆಸರು ಹೀಟ್ ಪಂಪು.

"ಎಂತ ಇದು, ಏಸಿಯಾ?" ಸುಗಂಧಿ ಕೇಳಿದಳು.

"ಏಸಿಯೇ. ಆದ್ರೆ ಉಲ್ಟಾ. ಏಸಿ ಮನೆಯ ಸೆಕೆಯನ್ನು ಹೊರಗೆ ಹಾಕ್ತದಲ್ಲ? ಇದು ಹೊರಗಿನ ಸೆಕೆಯನ್ನು ಕದ್ದು ನೀರಿಗೆ ತುಂಬಿಸ್ತದೆ. ಈ ಊರಲ್ಲಿ ಸೆಕೆ ಫುಕ್ಕಟೆ. ಕದ್ದರೆ ಯಾರೂ ಕೇಳುವವರಿಲ್ಲ."

"ಕದಿಯಲಿಕ್ಕೂ ಮೆಷಿನ್ ಬಂತಾ?"

"ನಿನ್ನ ಕೈಗೆ. ನೀ ನಲ್ಲಿ ತಿರುಗಿಸು, ಬಿಸಿನೀರು ಬರ್ತದೆ. ಊರಿನ ಹಂಡೆ ನೀರಿನ ಹಾಗೆ."

ಪೈಪು ಅಜ್ಮಾನ್ ಹಾಕಿಕೊಟ್ಟ. ವೈರು ಐತಪ್ಪನ ಪಾಲು. ಆದರೆ ಬೇರೆಯವರ ಮನೆಯ ಕೆಲಸ ಅವನಿಗೆ ಬೇಗ ಮುಗಿಯುತ್ತಿತ್ತು, ತನ್ನ ಮನೆಯದು ಮುಗಿಯುತ್ತಿರಲಿಲ್ಲ. ಯಾವ ಡಾಕ್ಟರ ಹೆಂಡತಿ ಫೋನು ಮಾಡಿದರೂ ಸ್ಕ್ರೂಡ್ರೈವರ್ ಕಿಸೆಗೆ ಹಾಕಿ ಹೊರಡುತ್ತಿದ್ದ. ಕೊನೆಗೆ ಆ ಭಾನುವಾರ ಫೋನು ಬಂದ್ ಮಾಡಿ ಕುಳಿತ.

ಅಡುಗೆಮನೆಯ ಗೋಡೆಗೆ ಒಂದು ಸಣ್ಣ ಪೆಟ್ಟಿಗೆ ಬರಬೇಕು. ಥರ್ಮೋಸ್ಟಾಟು. ನೀರು ಎಷ್ಟು ಬಿಸಿ ಬೇಕು ಎಂದು ಅದರಲ್ಲಿ ಒತ್ತಿದರೆ, ಅದು ಹಿತ್ತಿಲ ಮೆಷಿನ್ನಿಗೆ ಹೇಳುತ್ತದೆ. ಸಾಕಾದಾಗ ನಿಲ್ಲು ಎನ್ನುತ್ತದೆ. ಪೆಟ್ಟಿಗೆಗೂ ಮೆಷಿನ್ನಿಗೂ ನಡುವೆ ನಾಲ್ಕು ವೈರು. ಹೊರಗಿನಿಂದ ಬಂದ ವೈರುಗಳಿಗೆ ಬಣ್ಣ ಇತ್ತು, ಆದರೆ ಉದ್ದ ಸಾಲಲಿಲ್ಲ. ಅವನು ಮನೆಯಲ್ಲಿದ್ದ ಕಪ್ಪು ವೈರನ್ನೇ ತುಂಡು ಮಾಡಿ ಗೋಡೆಯೊಳಗೆ ಅವುಗಳಿಗೆ ಸೇರಿಸಿದ, ಮೇಲೆ ಸಿಮೆಂಟು ಮೆತ್ತಿದ.

"ನಾಲ್ಕೂ ಕಪ್ಪು. ಯಾವುದು ಯಾವುದೆಂದು ಗೊತ್ತಾಗುವುದು ಹೇಗೆ ಮಾರ್ರೆ?"

"ಹೆಸರು ಹಾಕ್ತೇನೆ. ಮಗಳ ಪ್ಲಾಸ್ಟರ್ ಉಂಟಲ್ಲ, ಗಾಯಕ್ಕೆ ಅಂಟಿಸುವುದು? ಕೊಡು."

ಅವಳು ಪ್ಲಾಸ್ಟರು ಕೊಟ್ಟು ತೆಂಗಿನಕಾಯಿ ತುರಿಯಲು ಹೋದಳು. ಅವನು ಏನು ಬರೆದ ಎಂದು ನೋಡಲಿಲ್ಲ.

ಊಟಕ್ಕೆ ಮೊದಲು ಅವನು ಹಿತ್ತಿಲಿಗೆ ಹೋಗಿ, ಪೆಟ್ಟಿಗೆಯಿಲ್ಲದೆಯೇ ಮೆಷಿನ್ನನ್ನು ನೇರವಾಗಿ ಓಡಿಸಿ ನೋಡಿದ. ಅದು ಗುಂಯ್ ಎಂದಿತು. ಫ್ಯಾನು ತಿರುಗಿತು. ಸ್ವಲ್ಪ ಹೊತ್ತಿಗೆ ಅದರ ಅಡಿಯಿಂದ ತಣ್ಣನೆ ನೀರು ಹನಿಯತೊಡಗಿತು.

"ಓಟೆ ಉಂಟು ನಿಮ್ಮ ಮೆಷಿನ್ನಿಗೆ."

"ಓಟೆ ಅಲ್ಲ ಮಾರಾಯ್ತಿ, ಬೆವರು. ಗಾಳಿಯ ಸೆಕೆ ಕದ್ದರೆ ಗಾಳಿ ಬೆವರ್ತದೆ." ಅವನು ಮೈಲೋ ಪುಡಿಯ ಖಾಲಿ ಡಬ್ಬ ತಂದು ಅಡಿಯಲ್ಲಿ ಇಟ್ಟ. "ನಾಳೆ ಪೈಪು ಹಾಕ್ತೇನೆ. ಅಷ್ಟರವರೆಗೆ ನೀ ಇದನ್ನು ಕರಿಬೇವಿಗೆ ಚೆಲ್ಲು. ಗೋಡೆ ಪಾಯಕ್ಕೆ ಇಳೀಬಾರದು."

ಊಟ ಮಾಡಿ ಬಂದು ಪೆಟ್ಟಿಗೆ ಕೂರಿಸಲು ಕುಳಿತಾಗ ಅವನ ಕನ್ನಡಕದ ಕಾಲು ಮುರಿಯಿತು. ಪೆಟ್ಟಿಗೆಯೊಳಗಿನ ಸ್ಕ್ರೂ ಜೀರಿಗೆಯಷ್ಟು ಸಣ್ಣದು. ಕನ್ನಡಕವನ್ನು ಕೈಯಲ್ಲಿ ಹಿಡಿದು ನೋಡಿದ, ಹಣೆಗೆ ಒತ್ತಿ ನೋಡಿದ. ಶ್ರೀಯಾ ನಗುತ್ತಾ ಹೇಳಿದಳು:

"ಪಪ್ಪಾ, ಲೀವ್ ಇಟ್ ಲಾ. ನಾಳೆ ಮಾಡಿ. ಟ್ವೆಂಟಿ ಇಯರ್ಸ್ ಕೋಲ್ಡ್ ವಾಟರ್, ಒನ್ ಮೋರ್ ಡೇ ಏನಾಗ್ತದೆ?"

"ಹೌದು. ನಾಳೆ," ಎಂದ ಐತಪ್ಪ. ವೈರುಗಳನ್ನು ಹಾಗೇ ನೇತಾಡಲು ಬಿಟ್ಟ.

ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಯಲ್ಲಿ ಚಾ ಹೇಳಿ ಕುಳಿತ. ಚಾ ಬಂತು. ಕುಡಿಯಲಿಲ್ಲ. ಎದೆ ಹಿಡಿದುಕೊಂಡ. ಆಸ್ಪತ್ರೆಗೆ ಮುಟ್ಟುವಾಗ ಇರಲಿಲ್ಲ. ಕನ್ನಡಕ ಅಂಗಿಯ ಕಿಸೆಯಲ್ಲಿತ್ತು, ಅದರ ಮುರಿದ ಕಾಲಿಗೆ ಅದೇ ಪ್ಲಾಸ್ಟರು ಸುತ್ತಿತ್ತು.

ಅಷ್ಟೇ. ಅದರ ಬಗ್ಗೆ ಹೆಚ್ಚು ಹೇಳಲು ಇಲ್ಲ.

ಜನ ಬಂದರು. ಕಾಲೇಜಿನ ಕನ್ನಡದವರು ಪಾತ್ರೆಯಲ್ಲಿ ಅನ್ನ ಸಾರು ತಂದರು. ಪಕ್ಕದ ಮನೆಯ ತಮಿಳು ಅಮ್ಮ ಮೂರು ಹೊತ್ತೂ ಕಾಫಿ ತಂದರು. ಕಾರ್ಯ ಮುಗಿದ ಮೇಲೆ ಒಬ್ಬೊಬ್ಬರೇ ಬರುವುದು ಬಿಟ್ಟರು. ಶ್ರೀಯಾ ಕೆಲಸಕ್ಕೆ ಹೋಗತೊಡಗಿದಳು. ಮನೆಯಲ್ಲಿ ಸುಗಂಧಿ ಮತ್ತು ಗೋಡೆಯ ತೂತು ಉಳಿದರು.

ಒಂದು ದಿನ ಅವಳು ಗೋಡೆಯ ಧೂಳು ಒರೆಸಲು ಹೋದಳು. ವೈರುಗಳು ಬಸಳೆ ಬಳ್ಳಿಯ ಹಾಗೆ ಇಳಿಬಿದ್ದಿದ್ದವು. ಮೂರರ ಪ್ಲಾಸ್ಟರಿನ ಪಟ್ಟಿ ಗೋಡೆಯ ಕಡೆ ತಿರುಗಿತ್ತು. ಒಂದರದು ಅವಳ ಕಡೆಗಿತ್ತು. ಅದರಲ್ಲಿ ಐತಪ್ಪನ ದಪ್ಪ ಅಕ್ಷರದಲ್ಲಿ ಬರೆದಿತ್ತು: ನೀ.

ಸುಗಂಧಿ ಬಟ್ಟೆ ಕೆಳಗಿಟ್ಟಳು. ಯಾರೋ ಹಿಂದಿನಿಂದ ಕರೆದ ಹಾಗಾಯಿತು. ಅವಳು ತಿರುಗಿಯೂ ನೋಡಿದಳು. ಯಾರೂ ಇರಲಿಲ್ಲ.

ಉಳಿದ ಪಟ್ಟಿಗಳನ್ನು ಅವಳು ತಿರುಗಿಸಿ ನೋಡಲಿಲ್ಲ. ನೋಡಬೇಕು ಅನಿಸಲಿಲ್ಲ. ಉಗುರಿನಿಂದ ಆ ಒಂದು ಪಟ್ಟಿಯನ್ನು ಮೆಲ್ಲಗೆ ಬಿಡಿಸಿದಳು. ಅದನ್ನು ಖಾಲಿಯಾದ ಕುಂಕುಮದ ಡಬ್ಬಿಯೊಳಗೆ ಅಂಟಿಸಿ, ಡಬ್ಬಿಯನ್ನು ದಿಂಬಿನ ಕೆಳಗೆ ಇಟ್ಟಳು. ಅವಳಿಗೆಂದು ಅವನು ಬರೆದದ್ದು ಜೀವಮಾನದಲ್ಲಿ ಅದೊಂದೇ. ಮದುವೆಗೆ ಮೊದಲೂ ಅವನು ಕಾಗದ ಬರೆದವನಲ್ಲ. ದಿನಾ ಏಳುವಾಗ ಡಬ್ಬಿ ತೆರೆದು ನೋಡುತ್ತಿದ್ದಳು. ಆಮೇಲೆ ಗ್ಯಾಸಿನ ಮೇಲೆ ಪಾತ್ರೆ ಇಡುತ್ತಿದ್ದಳು.

ಪಾತ್ರೆ ಇಳಿಸುವುದನ್ನು ಶ್ರೀಯಾ ನೋಡಿದಳು.

"ಅಮ್ಮಾ, ಪಪ್ಪಾ ಆ ಮೆಷಿನ್ ಯಾಕೆ ತಂದಿದ್ದು? ಫಾರ್ ಯು. ನಾನು ಅಂಕಲ್ ಅಜ್ಮಾನ್‌ಗೆ ಕಾಲ್ ಮಾಡ್ತೇನೆ."

ಸುಗಂಧಿ ಬೇಡ ಎನ್ನಲಿಲ್ಲ. ಅವಳಿಗೂ ಅದು ಓಡಬೇಕಿತ್ತು. ಎಷ್ಟು ತಡವಾದರೂ ಅವನು ಕೈ ಹಾಕಿದ ಕೆಲಸ ಅರ್ಧದಲ್ಲೇ ಉಳಿದದ್ದನ್ನು ಅವಳು ಕಂಡಿರಲಿಲ್ಲ. ಇದೊಂದು ನಿಂತರೆ, ಅವನೂ ಅರ್ಧದಲ್ಲೇ ನಿಂತ ಹಾಗೆ.

ಅಜ್ಮಾನ್ ಶುಕ್ರವಾರದ ನಮಾಜು ಮುಗಿಸಿ ಬಂದ. ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿ ಕಟ್ಟಿಸಿಕೊಂಡು ಬಂದಿದ್ದ. ಗೋಡೆಯ ಮುಂದೆ ನಿಂತು ವೈರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

"ಕಾಕಾ," ಎಂದ. ಅಕ್ಕ ಎನ್ನಲು ಅವರು ಹಾಗೇ ಹೇಳುವುದು. ಆಮೇಲೆ ಮಲಾಯ್ ಮಾತಿನಲ್ಲಿ ಹೇಳಿದ್ದನ್ನು ಶ್ರೀಯಾ ತಿರುಗಿಸಿ ಹೇಳಿದಳು: ಪೈಪು ನನ್ನದು, ವೈರು ಅವನದು, ನನಗೆ ವೈರು ಅಷ್ಟು ಗೊತ್ತಿಲ್ಲ. ಆದರೆ ಪೆಟ್ಟಿಗೆಯಲ್ಲಿ ಎಲ್ಲೆಲ್ಲಿ ಯಾವ ಬಣ್ಣ ಎಂದು ಗುರುತು ಉಂಟು. ಇಲ್ಲಿ ಪಟ್ಟಿಯ ಮೇಲೆ ಏನೋ ಬರೆದಿದ್ದಾನೆ. ಅದನ್ನು ಓದಿ ಹೇಳಿದರೆ ಸಾಕು.

ಶ್ರೀಯಾ ಪಟ್ಟಿ ಹಿಡಿದು ನೋಡಿದಳು. "ಕನ್ನಡ. ಐ ಕಾಂಟ್. ಅಮ್ಮಾ, ನೀವು ಬನ್ನಿ."

ಸುಗಂಧಿ ಕೈ ಒರೆಸಿಕೊಂಡು ಬಂದಳು. ಮೊದಲ ಪಟ್ಟಿ ತಿರುಗಿಸಿದಳು. 'ಕೆಂ' ಎಂದಿತ್ತು.

"ಕೆಂ. ಕೆಂಪು," ಎಂದಳು.

"ಮೇರಾ," ಎಂದು ಶ್ರೀಯಾ ಮಲಾಯ್‌ನಲ್ಲಿ ಹೇಳಿದಳು. ಅಜ್ಮಾನ್ ಆ ವೈರನ್ನು ಕೆಂಪಿನ ಸ್ಕ್ರೂಗೆ ಹಾಕಿದ.

ಎರಡನೆಯದರಲ್ಲಿ 'ಹ' ಎಂದಿತ್ತು. "ಹಳದಿ." ಅದೂ ಕೂತಿತು.

ಮೂರನೆಯ ಪಟ್ಟಿ ತಿರುಗಿಸುವಾಗ ಸುಗಂಧಿಯ ಕೈ ನಿಂತಿತು. ಕೆಂಪು, ಹಳದಿ. ಬಣ್ಣದ ಹೆಸರು. ಅವನು ಬರೆದದ್ದು ಬಣ್ಣದ ಹೆಸರು, ಮೊದಲ ಅಕ್ಷರ ಮಾತ್ರ. ಹಾಗಾದರೆ ನೀ?

ಅವಳಿಗೆ ಗೊತ್ತಾಯಿತು. ಗೊತ್ತಾಗಬಾರದಿತ್ತು.

"ಇದು ಎಂತ ಅಮ್ಮಾ?"

"ಬಿ," ಎಂದಳು ಸುಗಂಧಿ. ಬಿ ಎಂದರೆ ಬಿಳಿ. ಅದನ್ನು ಹೇಳಲು ಅವಳು ಬಾಯಿ ತೆರೆದಿದ್ದಳು.

"ಬಿ! ಬಿರು!" ಎಂದ ಅಜ್ಮಾನ್, ತೊಡೆ ತಟ್ಟಿ. ಮಲಾಯ್‌ನಲ್ಲಿ ಬಿರು ಎಂದರೆ ನೀಲಿ. ಐತಪ್ಪ ಅವನ ಜೊತೆ ಮಾತಾಡುತ್ತಿದ್ದದ್ದು ಮಲಾಯ್‌ನಲ್ಲೇ. ಬಣ್ಣ ಹೇಳುವಾಗ ಮೇರಾ, ಬಿರು ಎಂದೇ ಹೇಳುತ್ತಿದ್ದ. ಅಜ್ಮಾನನಿಗೆ ಅನುಮಾನವೇ ಬರಲಿಲ್ಲ.

"ಬಿರು? ಯೆಸ್ಸಾ ಅಮ್ಮಾ?"

ಸುಗಂಧಿ ತಲೆ ಆಡಿಸಿದಳು. ಹೌದು ಎಂಬ ಹಾಗೆ. ಬಿರು ನೀಲಿಯಾದರೆ, ನೀ ನೀಲಿಯಾಗಬೇಕಿಲ್ಲ. ನೀ ಅವಳೇ ಆಗಿರಬಹುದು.

ನಾಲ್ಕನೆಯ ವೈರಿಗೆ ಪಟ್ಟಿ ಇರಲಿಲ್ಲ. ಅಜ್ಮಾನ್ ಅದನ್ನು ಉಳಿದ ಬಿಳಿಯ ಸ್ಕ್ರೂಗೆ ಹಾಕಿದ. ಪೆಟ್ಟಿಗೆ ಮುಚ್ಚಿ, ಮೇನ್ ಸ್ವಿಚ್ಚು ಹಾಕಿದ.

ಪೆಟ್ಟಿಗೆಯಲ್ಲಿ ಅಂಕೆ ಹೊತ್ತಿಕೊಂಡಿತು, ಮಂಕಾಯಿತು, ಹೋಯಿತು. ಮತ್ತೆ ಹೊತ್ತಿತು, ಮತ್ತೆ ಹೋಯಿತು. ಹಿತ್ತಿಲಲ್ಲಿ ಮೆಷಿನ್ನಿನೊಳಗೆ ಟಿಕ್ ಟಿಕ್ ಟಿಕ್ ಎಂದು ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು. ಫ್ಯಾನು ತಿರುಗಲಿಲ್ಲ.

ಅಜ್ಮಾನ್ ಓಡಿಹೋಗಿ ಸ್ವಿಚ್ಚು ಆರಿಸಿದ. ಇನ್ನೊಮ್ಮೆ ಸ್ಕ್ರೂ ಬಿಗಿ ಮಾಡಿ ನೋಡಿದ. ಅದೇ ಟಿಕ್ ಟಿಕ್. ಮತ್ತೆ ಸ್ವಿಚ್ಚು ಆರಿಸಿ ಅವನು ನೆಲದ ಮೇಲೆ ಕುಳಿತ. ಬೆವರು ಒರೆಸಿಕೊಂಡು ಶ್ರೀಯಾಳ ಹತ್ತಿರ ಮೆಲ್ಲನೆ ಮಾತಾಡಿದ. ಸುಗಂಧಿಗೆ 'ಬುವಾಂಗ್' ಎಂಬುದೊಂದು ತಿಳಿಯಿತು. ಬಿಸಾಡುವುದು. ಮಾರ್ಕೆಟ್ಟಿನಲ್ಲಿ ಕೊಳೆತ ಮೀನಿಗೆ ಹೇಳುವ ಮಾತು.

"ಎಂತ ಹೇಳಿದ?"

ಶ್ರೀಯಾ ಕಣ್ಣು ತಪ್ಪಿಸಿದಳು. "ಮೆಷಿನ್ ಬೋರ್ಡ್ ಹೋಗಿರಬಹುದಂತೆ. ಇಲ್ಲಾಂದ್ರೆ ವೈರಿಂಗ್. ಈಗ ವೈರ್‌ಮ್ಯಾನ್ ಕರೀಬೇಕು. ಬಟ್ ಅವನು ಬಂದ್ರೆ ಫಸ್ಟ್ ವಾಲ್ ಒಡೆದು ಎಲ್ಲಾ ಪುಲ್ ಔಟ್ ಮಾಡ್ತಾನೆ. ವಾಲ್ ಒಳಗೆ ಜಾಯಿಂಟ್ ಇದ್ರೆ ಯಾರೂ ಟಚ್ ಮಾಡಲ್ಲ ಅಂತೆ. ಪಪ್ಪಾನೇ ಹಾಗೆ ಹೇಳ್ತಿದ್ರಂತೆ. ಸಣ್ಣ ಹೀಟರ್ ಹಾಕುವ ಅಮ್ಮಾ, ಬಾತ್‌ರೂಮಿಗೆ. ಇದು ಬೇಡ. ಪ್ಲೀಸ್."

ಐತಪ್ಪ ಹಾಗೆ ಹೇಳುತ್ತಿದ್ದದ್ದು ನಿಜ. ಗುರುತಿಲ್ಲದ ವೈರು ಕಂಡರೆ ಮೊದಲು ಕಿತ್ತು ಹಾಕು, ಆಮೇಲೆ ಯೋಚಿಸು. ಬೇರೆಯವರ ಮನೆಯಲ್ಲಿ ಎಷ್ಟೋ ಗೋಡೆ ಹಾಗೇ ಒಡೆದವನು ಅವನು. ತನ್ನ ಗೋಡೆಯಲ್ಲಿ ಅದೇ ತಪ್ಪು ಮಾಡಿ ಮೇಲೆ ಸಿಮೆಂಟು ಮೆತ್ತಿದ್ದ. ನಾಳೆ ಬೇರೆ ವೈರು ತಂದು ಸರಿ ಮಾಡುವ ಎಂದು ಇರಬೇಕು. ಅವನ ನಾಳೆ ದೊಡ್ಡದಿತ್ತು.

ಅಜ್ಮಾನ್ ಎದ್ದು ಪೆಟ್ಟಿಗೆಯ ಸ್ಕ್ರೂ ಬಿಚ್ಚತೊಡಗಿದ. ಕೆಂಪು ಬಿಚ್ಚಿದ. ಹಳದಿ ಬಿಚ್ಚಿದ.

ಸುಗಂಧಿ ಕೋಣೆಗೆ ಹೋದಳು. ದಿಂಬು ಎತ್ತಿ ಡಬ್ಬಿ ತೆಗೆದಳು. ತೆರೆದಳು. ನೀ. ಎಷ್ಟು ನೋಡಿದರೂ ಅದು ನೀ ಎಂದೇ ಓದಿಸುತ್ತಿತ್ತು. ಅವನ ಕೈಯ ದೀರ್ಘ, ಕೊನೆಯಲ್ಲಿ ಸ್ವಲ್ಪ ಎಳೆದದ್ದು, ಅವನು ಹಿತ್ತಿಲಿನಿಂದ ಎಳೆದು ಕರೆದ ಹಾಗೆ.

ಇದನ್ನು ಇಟ್ಟುಕೊಂಡರೆ ಅವನ ಮೆಷಿನ್ನು ಹೋಗುತ್ತದೆ. ಅದು ಉಳಿಯಬೇಕಾದರೆ ಇದನ್ನು ಕೊಡಬೇಕು.

ಅವಳು ಸ್ವಲ್ಪ ಹೊತ್ತು ಮಂಚದ ಮೇಲೆ ಕುಳಿತಳು. ಆಮೇಲೆ ಪಟ್ಟಿಯನ್ನು ಕಿತ್ತು ಬೆರಳಿಗೆ ಅಂಟಿಸಿಕೊಂಡು ಬಂದಳು.

"ತಡಿ," ಎಂದಳು. "ಬಿಚ್ಚಬೇಡ. ಆ 'ಬಿ' ಬಿರು ಅಲ್ಲ. ಅದು ಬಿಳಿ. ಪುತಿ." ಪುತಿ ಎಂದರೆ ಅವರ ಮಾತಿನಲ್ಲಿ ಬಿಳಿ. ಆಮೇಲೆ ಪಟ್ಟಿಯಿಲ್ಲದ ವೈರು ಹಿಡಿದಳು. "ಇದು ಬಿರು."

ಅಜ್ಮಾನ್ ಅವಳ ಬೆರಳು ನೋಡಿದ. ಶ್ರೀಯಾಳೂ ನೋಡಿದಳು.

"ಇದೆಲ್ಲಿತ್ತು ಅಮ್ಮಾ? ಏನು ಬರೆದಿದ್ದು?"

"ನೀ."

"ನೀ? ಯು ಅಂತ ಅಲ್ವಾ?"

"ನೀಲಿ," ಎಂದಳು ಸುಗಂಧಿ. "ವೈರಿನ ಬಣ್ಣ."

ಶ್ರೀಯಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳು ಅಮ್ಮನ ಭುಜ ಹಿಡಿದಳು. "ಇಟ್ ಕ್ಯಾನ್ ಬಿ ಬೋತ್, ಅಮ್ಮಾ."

"ಇಲ್ಲ ಮಗಾ. ನಿನ್ನ ಅಪ್ಪ ವೈರಿನ ಮೇಲೆ ಅಂಥದ್ದೆಲ್ಲ ಬರೆಯುವ ಜನ ಅಲ್ಲ. ನೀಲಿ. ಅಷ್ಟೇ."

ಹೇಳಿದ ಮೇಲೆ ಅವಳಿಗೆ ನಗು ಬಂತು. ಅಳುವೂ ಬಂತು. ಅಜ್ಮಾನ್ ಮುಖ ಗೋಡೆಯ ಕಡೆ ತಿರುಗಿಸಿ ಮೂಗು ಒರೆಸಿಕೊಂಡ. "ಆಲಮಾಕ್, ಕಾಕಾ," ಎಂದು, ಅಯ್ಯೋ ಎನ್ನುವ ಹಾಗೆ, ತನ್ನಷ್ಟಕ್ಕೇ ಹೇಳಿಕೊಂಡ. ಆಮೇಲೆ ಪಟ್ಟಿಯನ್ನು ಅವಳ ಬೆರಳಿನಿಂದ ತೆಗೆದು, ಎರಡೂ ಕೈಯಿಂದ ಆ ವೈರಿಗೆ ಸುತ್ತಿದ. ಅಂಟು ಹೋಗಿತ್ತು. ಮೇಲೆ ಇನ್ನೊಂದು ಟೇಪು ಸುತ್ತಬೇಕಾಯಿತು. ಟೇಪು ಪಾರದರ್ಶಕದ್ದು, ಒಳಗಿನ ಅಕ್ಷರ ಕಾಣುತ್ತಿತ್ತು.

ಇದು ಕರೆಂಟು ವಾಪಸು ಬರುವ ವೈರು ಎಂದು ಅವನು ಶ್ರೀಯಾಳಿಗೆ ಹೇಳಿದ. ಉಳಿದದ್ದೆಲ್ಲ ಸರಿ ಇದ್ದರೂ ಇದು ಇಲ್ಲದಿದ್ದರೆ ಪೆಟ್ಟಿಗೆಗೆ ಜೀವ ಬರುವುದಿಲ್ಲ. ಅದಕ್ಕೇ ಟಿಕ್ ಟಿಕ್ ಅಂದದ್ದು.

ಕೆಂಪು, ಹಳದಿ ಮತ್ತೆ ಕೂತವು, ನೀಲಿ ನೀಲಿಗೆ ಕೂತಿತು, ಬಿಳಿ ಬಿಳಿಗೆ ಕೂತಿತು. ಸ್ವಿಚ್ಚು ಹಾಕಿದ. ಅಂಕೆ ಹೊತ್ತಿತು. ನಿಂತಿತು. ಹಿತ್ತಿಲಲ್ಲಿ ಒಂದೇ ಒಂದು ಟಿಕ್, ಆಮೇಲೆ ಗುಂಯ್. ಆ ಭಾನುವಾರ ಕೇಳಿದ ಅದೇ ಸದ್ದು.

ಮೂವರೂ ಅಡುಗೆಮನೆಯಲ್ಲಿ ಕುಳಿತು ತಣ್ಣಗಾದ ಬಾಳೆಹಣ್ಣಿನ ಪೋಡಿ ತಿಂದರು. ಅಜ್ಮಾನ್ ಐತಪ್ಪನ ಕಥೆ ಹೇಳಿದ. ಕಾಲೇಜಿನ ದೊಡ್ಡವರ ರೂಮಿನ ಏಸಿ ರಿಪೇರಿ ಮಾಡುತ್ತಾ ಏಣಿಯ ಮೇಲೆಯೇ ನಿದ್ದೆ ಹೋಗಿದ್ದನಂತೆ. ಇಳಿಸಲು ಹೋದರೆ, "ನೀ ಸ್ವಲ್ಪ ತಡಿ, ಅಕ್ಕಿ ತೊಳೀತೇನೆ," ಎಂದನಂತೆ ಕನ್ನಡದಲ್ಲಿ. ಆ ಮಾತನ್ನು ಅಜ್ಮಾನ್ ಈಗಲೂ ಬಾಯಿಪಾಠ ಹೇಳಿದ, ಅರ್ಥ ಗೊತ್ತಿಲ್ಲದೆ.

"ಪಪ್ಪಾ ಯಾವಾಗ ಅಕ್ಕಿ ತೊಳೆದಿದ್ರು ಅಮ್ಮಾ?" ಶ್ರೀಯಾ ಕೇಳಿದಳು.

"ಕನಸಿನಲ್ಲಿ," ಎಂದಳು ಸುಗಂಧಿ.

ಕತ್ತಲಾಗುವ ಮೊದಲು ಅವಳು ನಲ್ಲಿ ತಿರುಗಿಸಿದಳು. ಬಿಸಿನೀರು ಬಂತು. ಬಕೆಟ್ಟಿನಲ್ಲಿ ಎರಡೂ ಕೈ ಮುಳುಗಿಸಿ ಕುಳಿತಳು. ಬೆರಳು ಒಂದೊಂದಾಗಿ ಬಿಟ್ಟವು. ಒಳ್ಳೆಯದಾಗಿತ್ತು ನೀರು. ಹಂಡೆ ನೀರಿನ ಹೊಗೆ ವಾಸನೆ ಮಾತ್ರ ಇರಲಿಲ್ಲ. ಅದನ್ನು ಅವನಿಗೆ ಹೇಳಬೇಕಿತ್ತು, ಅವನಿಗೆ ಉತ್ತರ ಇರುತ್ತಿತ್ತು.

ಹೋಗುವ ಮುಂಚೆ ಅಜ್ಮಾನ್ ಹಿತ್ತಿಲಿನ ಮೈಲೋ ಡಬ್ಬ ನೋಡಿದ. ಮೆಷಿನ್ನಿನ ಬೆವರು ಅದರೊಳಗೆ ಟಪ್ ಟಪ್ ಬೀಳುತ್ತಿತ್ತು. ಲಾರಿಯಲ್ಲಿ ತುಂಡು ಪೈಪು ಉಂಟು, ಈಗಲೇ ಮೋರಿಗೆ ಹಾಕಿಬಿಡುತ್ತೇನೆ ಎಂದ.

"ಬೇಡ," ಎಂದಳು ಸುಗಂಧಿ.

"ವೈ ಅಮ್ಮಾ? ದಿನಾ ಯಾರು ಚೆಲ್ಲುವುದು?"

"ನನಗೆ ಹೇಳಿದ್ದಾರೆ."

ಅಜ್ಮಾನ್ ಪೈಪು ಇಳಿಸದೆ ಲಾರಿ ಹತ್ತಿದ.

ಈಗ ಸುಗಂಧಿ ಏಳುವುದು ಬೆಳಕು ಹರಿಯುವಾಗ. ಕುಂಕುಮದ ಡಬ್ಬಿಯಲ್ಲಿ ಸೂಜಿ ದಾರ ಇಟ್ಟಿದ್ದಾಳೆ. ಮೊದಲು ಬಿಸಿನೀರಿನಲ್ಲಿ ಕೈ ಇಡುತ್ತಾಳೆ. ಬೆರಳು ಮಡಚಲು ಬಂದ ಮೇಲೆ ಹಿತ್ತಿಲಿಗೆ ಹೋಗುತ್ತಾಳೆ. ಮೆಷಿನ್ನಿನ ಅಡಿಯ ಡಬ್ಬ ಹೆಚ್ಚಿನ ದಿನ ಅಂಚಿನವರೆಗೆ ತುಂಬಿರುತ್ತದೆ. ಎರಡೂ ಕೈಯಲ್ಲಿ ಎತ್ತಿ, ಚೆಲ್ಲದ ಹಾಗೆ ನಡೆದು, ಕರಿಬೇವಿನ ಬುಡಕ್ಕೆ ಸುರಿಯುತ್ತಾಳೆ. ನೀರು ಬೆಳಿಗ್ಗೆಯೂ ತಣ್ಣಗೆ ಕೊರೆಯುತ್ತದೆ. ಆಮೇಲೆ ಡಬ್ಬವನ್ನು ಅದೇ ಜಾಗದಲ್ಲಿ ಇಟ್ಟು, ಹನಿ ಒಳಗೇ ಬೀಳುತ್ತದಾ ಎಂದು ಬಗ್ಗಿ ನೋಡುತ್ತಾಳೆ. ಬೀಳದಿದ್ದರೆ ಸ್ವಲ್ಪ ಎಡಕ್ಕೆ ಸರಿಸುತ್ತಾಳೆ.